ಟ್ಯಾಬ್‌ನಲ್ಲಿ ಬರೋ ಲೆಕ್ಕ ಪೇಪರ್ ಮೇಲೆ ಯಾಕೆ ಬರಲ್ಲ?

ಪ್ರಶ್ನೆ: ಸರ್, ನನ್ನ ಮಗಳಿಗೆ 8 ವರ್ಷ, ಮೂರನೇ ಕ್ಲಾಸು. ಒಂದು ವರ್ಷದಿಂದ ಟ್ಯಾಬ್‌ನಲ್ಲಿ ಲರ್ನಿಂಗ್ ಆ್ಯಪ್ ಹಾಕಿಕೊಟ್ಟಿದೀವಿ. ಅದರಲ್ಲಿ ಗಣಿತಕ್ಕೆ ಯಾವಾಗ್ಲೂ 90ರ ಮೇಲೆ ಬರತ್ತೆ, ಸ್ಟಾರು, ಬ್ಯಾಡ್ಜು ಎಲ್ಲಾ ಸಿಕ್ಕಿದೆ. ಆದ್ರೆ ಸ್ಕೂಲ್ ಟೆಸ್ಟಲ್ಲಿ ಅದೇ ಕಳೆಯೋ ಲೆಕ್ಕ ಕೊಟ್ರೆ ಅರ್ಧಕ್ಕರ್ಧ ತಪ್ಪು. ನಮ್ಮನೆಯವ್ರು ಆ್ಯಪ್‌ನ ಇನ್ನೂ ದೊಡ್ಡ ಪ್ಯಾಕೇಜ್ ತಗೊಳ್ಳೋಣ ಅಂತಾರೆ, ನನಗೆ ಟ್ಯಾಬನ್ನೇ ಬೀರುವಿನಲ್ಲಿಟ್ಟು ಬೀಗ ಹಾಕೋಣ ಅನ್ಸತ್ತೆ. ಚಿಕ್ಕೋನಿಗೆ ಎರಡು ವರ್ಷ, ಅವನೂ ಅಕ್ಕನ ಪಕ್ಕ ಕೂತು ಅಕ್ಷರದ ವಿಡಿಯೋ ನೋಡ್ತಾನೆ. ಟೆಕ್ನಾಲಜಿಯಿಂದ ಮಕ್ಕಳ ಓದಿಗೆ ನಿಜವಾಗ್ಲೂ ಉಪಯೋಗ ಇದೆಯಾ, ಇದ್ರೆ ಎಲ್ಲೀವರೆಗೆ?

ಉತ್ತರ: ಮೇಡಂ, ನಿಮ್ಮಿಬ್ಬರಲ್ಲಿ ಯಾರು ಸರಿ ಅಂತ ಹೇಳೋಕ್ಕೆ ಮುಂಚೆ ಒಂದು ಕೆಲಸ ಹೇಳ್ತೀನಿ, ಆದ್ರೆ ಇವತ್ತೇ ಮಾಡಿ. ಮಗಳು ಆ್ಯಪ್ ತೆಗೆದು ಕೂತಾಗ ಪಕ್ಕದಲ್ಲಿ ಒಂದು ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ. ಸುಮ್ನೆ ಅಂದ್ರೆ ನಿಜವಾಗ್ಲೂ ಸುಮ್ನೆ, ಹೇಳಿಕೊಡಬೇಡಿ, ತಿದ್ದಬೇಡಿ, "ಸರಿಯಾಗಿ ನೋಡು" ಅನ್ನಬೇಡಿ. ಸ್ಕ್ರೀನ್ ನೋಡೋದು ಬಿಟ್ಟು ಅವಳ ಕಣ್ಣು ಎಲ್ಲಿ ಓಡತ್ತೆ, ಬೆರಳು ಯಾವಾಗ ಎಲ್ಲಿಗೆ ಹೋಗತ್ತೆ ಅದನ್ನ ನೋಡಿ. ಹತ್ತರಲ್ಲಿ ಎಂಟು ಮನೆಗಳಲ್ಲಿ ಉತ್ತರ ಅಲ್ಲೇ ಸಿಕ್ಕಿಬಿಡತ್ತೆ ಅನ್ನೋದು ನನ್ನ ಅನುಭವ.

ನಾನು ಹೀಗೇ ಒಬ್ಬ ಹುಡುಗನ ಪಕ್ಕ ಕೂತಿದ್ದೆ, ಅವನೂ ನಿಮ್ಮ ಮಗಳ ವಯಸ್ಸಿನೋನೇ. ಸ್ಕ್ರೀನ್ ಮೇಲೆ 52ರಲ್ಲಿ 37 ಕಳೆದ್ರೆ ಎಷ್ಟು ಅಂತ ಬಂತು, ಕೆಳಗೆ ನಾಲ್ಕು ಆಪ್ಷನ್, 89, 15, 70, 48. ಹುಡುಗ ಲೆಕ್ಕದ ಕಡೆ ಒಂದು ಸಲ ಕಣ್ಣು ಹಾಯಿಸಿ ಸೀದಾ ಆಪ್ಷನ್‌ಗೆ ಇಳಿದ. 89, 70 ಎರಡೂ 52ಕ್ಕಿಂತ ದೊಡ್ಡದು, ಕಳೆದ್ರೆ ಜಾಸ್ತಿ ಆಗಲ್ವಲ್ಲ, ಬಿಟ್ಟ. 48 ತುಂಬಾ ಹತ್ತಿರ ಆಯ್ತು, ಅಷ್ಟೊಂದು ಕಳೆದಿದೀವಲ್ಲ, ಬಿಟ್ಟ. ಉಳಿದದ್ದು 15, ಒತ್ತಿದ. ಟಿಣ್ ಅಂತ ಸ್ಟಾರ್ ಬಂತು. ಒಟ್ಟು ಐದು ಸೆಕೆಂಡ್ ಆಗಿರಬಹುದು. ಆಮೇಲೆ ನಾನು ಅದೇ ಲೆಕ್ಕ ಹಾಳೆ ಮೇಲೆ ಬರೆದುಕೊಟ್ಟೆ, ಆಪ್ಷನ್ ಇಲ್ಲದೆ. ಅವನು ಬರೆದ ಉತ್ತರ 25. ಹೇಗೆ ಬಂತಪ್ಪಾ ಅಂತ ಕೇಳಿದ್ರೆ ಒಂಚೂರೂ ತಡವರಿಸದೆ ಹೇಳಿದ, "5ರಲ್ಲಿ 3 ಹೋದ್ರೆ 2, 7ರಲ್ಲಿ 2 ಹೋದ್ರೆ 5".

ನೋಡಿ, ಇದು ಅಜಾಗರೂಕತೆಯ ತಪ್ಪಲ್ಲ. ಅವನ ತಲೇಲಿ ಒಂದು ನಿಯಮ ಇದೆ, ಯಾವಾಗ್ಲೂ ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ. ನಿಯಮ ತಪ್ಪು, ಆದ್ರೆ ಪಾಲನೆ ಮಾತ್ರ ಪಕ್ಕಾ. ಮೇಲಿದ್ದ 2ರಲ್ಲಿ 7 ಹೋಗಲ್ಲ, ಪಕ್ಕದ ಮನೆಯಿಂದ ಒಂದು ದಶಕ ತರಬೇಕು ಅನ್ನೋದು ಅವನಿಗೆ ಹೊಳೆದೇ ಇಲ್ಲ, ಒಂದು ವರ್ಷ ಆ್ಯಪ್ ಮಾಡಿದ್ರೂ ಹೊಳೆಯೋ ಅವಶ್ಯಕತೆನೇ ಬಂದಿಲ್ಲ, ಯಾಕಂದ್ರೆ ಅಲ್ಲಿ ಬೇಕಾಗಿದ್ದು ಕಳೆಯೋದಲ್ಲ, ನಾಲ್ಕರಲ್ಲಿ ಮೂರನ್ನ ತಳ್ಳಿಹಾಕೋದು. ಅದೂ ಒಂದು ಬುದ್ಧಿವಂತಿಕೆನೇ, ನಾನು ಅಲ್ಲಗಳೆಯಲ್ಲ, ಅಂದಾಜು ಮಾಡೋಕೆ ಬರೋದು ಒಳ್ಳೇದೇ. ಆದ್ರೆ ಸ್ಕೂಲ್ ಟೆಸ್ಟ್ ಕೇಳ್ತಿರೋದು ಬೇರೆ. ನಿಮ್ಮ ಮಗಳ 90ಕ್ಕೂ ಟೆಸ್ಟಿನ ಅರ್ಧಕ್ಕೂ ನಡುವೆ ಇರೋ ಗುಟ್ಟು ಬಹುಶಃ ಇಷ್ಟೇ. ಅವಳು ಆ್ಯಪ್ ಆಡೋದನ್ನ ಚೆನ್ನಾಗಿ ಕಲ್ತಿದಾಳೆ.

ಇದನ್ನ ಇಷ್ಟು ಧೈರ್ಯವಾಗಿ ಹೇಳ್ತಿರೋದು ಯಾಕಂದ್ರೆ ನಾನು ಮೇಷ್ಟ್ರ ಕೆಲಸದ ಮಧ್ಯೆ ಮೂರು ವರ್ಷ ಇಂಥದೇ ಒಂದು ಆ್ಯಪ್ ಕಂಪನಿಗೆ ಪ್ರಶ್ನೆ ಬರೆದುಕೊಟ್ಟೋನು. ಹೆಸರು ಬೇಡ ಬಿಡಿ. ನಾಲ್ಕು ಆಪ್ಷನ್ ಪ್ರಶ್ನೆನೇ ಯಾಕೆ ಅಂದ್ರೆ ಮಷಿನ್‌ಗೆ ತಿದ್ದೋಕೆ ಸುಲಭ, ಮಗುವಿಗೆ ಕಲಿಯೋಕೆ ಒಳ್ಳೇದು ಅಂತ ಅಲ್ಲ. ಒಳ್ಳೇ ಪ್ರಶ್ನೆಲಿ ತಪ್ಪು ಆಪ್ಷನ್‌ಗಳು ಮಕ್ಕಳು ನಿಜವಾಗ್ಲೂ ಮಾಡೋ ತಪ್ಪಿನಿಂದ ಬಂದಿರಬೇಕು, ಅಂದ್ರೆ ಮೇಲಿನ ಲೆಕ್ಕದಲ್ಲಿ 25 ಇರ್ಲೇಬೇಕಿತ್ತು, ಆಗ ಆ ಹುಡುಗ ಖುಷಿಯಾಗಿ 25 ಒತ್ತಿ ಸಿಕ್ಕಿಹಾಕಿಕೊಳ್ತಿದ್ದ, ರೋಗ ಎಲ್ಲಿದೆ ಅಂತ ಗೊತ್ತಾಗ್ತಿತ್ತು. ಆದ್ರೆ ವಾರಕ್ಕೆ ಇನ್ನೂರು ಪ್ರಶ್ನೆ ಬೇಕು ಅಂತ ಮೇಲಿಂದ ಒತ್ತಡ ಬಿದ್ದಾಗ ಯಾರು ಅಷ್ಟು ಯೋಚನೆ ಮಾಡ್ತಾರೆ ಹೇಳಿ, ನಾನೂ ಮಾಡಿಲ್ಲ, ಬಾಯಿಗೆ ಬಂದ ನಂಬರ್ ಹಾಕಿ ಕಳಿಸಿದೀನಿ. ಇದರ ಮೇಲೆ ಇನ್ನೊಂದು, ಮಗು ಜಾಸ್ತಿ ತಪ್ಪು ಮಾಡಿದ್ರೆ ಬೇಜಾರಾಗಿ ಆ್ಯಪ್ ಮುಚ್ಚತ್ತೆ, ಮುಚ್ಚಿದ್ರೆ ಅಪ್ಪ ಅಮ್ಮ ಮುಂದಿನ ವರ್ಷ ದುಡ್ಡು ಕಟ್ಟಲ್ಲ. ಹಾಗಾಗಿ 90ರ ಮೇಲೆ ಬರೋ ಹಾಗೇನೇ ಪ್ರಶ್ನೆಗಳ ಕಷ್ಟ ಇಳೀತಾ ಹೋಗತ್ತೆ. ಆ 90 ಅನ್ನೋದು ನಿಮ್ಮ ಮಗಳ ರಿಪೋರ್ಟ್ ಕಾರ್ಡ್ ಥರ ಕಾಣ್ಸಿದ್ರೂ ಅರ್ಧ ಭಾಗ ಆ್ಯಪ್‌ನದೇ ಜಾಹೀರಾತು.

ಹಾಗಂತ ಬೀರು ಬೀಗ ಹುಡುಕೋಕೆ ಹೋಗಬೇಡಿ. ಸರಿಯಾಗಿ ಮಾಡಿದ್ರೆ ಇದರಿಂದ ಎಷ್ಟು ಉಪಯೋಗ ಆಗಬಹುದು ಅನ್ನೋದಕ್ಕೆ ಗಟ್ಟಿ ಪುರಾವೆ ಇದೆ. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ಜೊತೆಗಾರರು ವಡೋದರಾದ ಸ್ಕೂಲ್‌ಗಳಲ್ಲಿ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದ್ರು. ನಾಲ್ಕನೇ ಕ್ಲಾಸ್ ಮಕ್ಕಳಿಗೆ ವಾರಕ್ಕೆ ಬರೀ ಎರಡು ಗಂಟೆ ಕಂಪ್ಯೂಟರಲ್ಲಿ ಗಣಿತದ ಆಟ, ಒಂದೊಂದು ಕಂಪ್ಯೂಟರ್‌ಗೆ ಇಬ್ಬಿಬ್ಬರು ಮಕ್ಕಳು. ಗಣಿತದಲ್ಲಿ ಒಳ್ಳೇ ಏರಿಕೆನೇ ಕಾಣ್ತು. ಆದ್ರೆ ಅದೇ ಪೇಪರ್‌ನಲ್ಲಿ ಇನ್ನೊಂದು ಮಾತೂ ಇದೆ, ಜನ ಅದನ್ನ ಹೇಳಲ್ಲ. ಪ್ರೋಗ್ರಾಂ ನಿಂತು ಒಂದು ವರ್ಷ ಆದ್ಮೇಲೆ ಮತ್ತೆ ಟೆಸ್ಟ್ ಮಾಡಿದ್ರೆ ಆ ಲಾಭದಲ್ಲಿ ಬಹುಪಾಲು ಕರಗಿಹೋಗಿತ್ತು.

ನನಗೆ ಇದಕ್ಕಿಂತ ಮುಖ್ಯ ಅನ್ಸೋದು ದೆಹಲಿದು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂದ್ರೋ ಗ್ಯಾನಿಮಿಯನ್ ಸೇರಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರನ್ನ ಪರೀಕ್ಷೆ ಮಾಡಿದ್ರು, 2019ರಲ್ಲಿ ಪ್ರಕಟ ಆಯ್ತು. ಸ್ಕೂಲ್ ಬಿಟ್ಮೇಲೆ ಸೆಂಟರ್‌ಗೆ ಬರಬೇಕು, ಸೀಟು ಲಾಟರಿ ಎತ್ತಿ ಕೊಟ್ಟಿದ್ದು, ಹಾಗಾಗಿ ಸೀಟು ಸಿಕ್ಕಿದೋರು ಸಿಗದೇ ಇದ್ದೋರನ್ನ ನ್ಯಾಯವಾಗಿ ಹೋಲಿಸಬಹುದು. ನಾಲ್ಕೂವರೆ ತಿಂಗಳಲ್ಲಿ ಸೀಟು ಸಿಕ್ಕಿದ ಮಕ್ಕಳು ಗಣಿತದಲ್ಲಿ ಸಿಗದೇ ಇದ್ದೋರಿಗಿಂತ ಎರಡು ಪಟ್ಟಿಗೂ ಜಾಸ್ತಿ ಮುಂದೆ ಹೋದ್ರು. ಹೇಗೆ? ಅಲ್ಲಿ ಆರನೇ ಕ್ಲಾಸ್ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ಕ್ಲಾಸ್ ಹಿಂದಿತ್ತು. ಕ್ಲಾಸಲ್ಲಿ ಟೀಚರ್ ಆರನೇ ಕ್ಲಾಸ್ ಪಾಠ ಮಾಡ್ತಿದಾರೆ, ಮಗು ಇನ್ನೂ ಮೂರೂವರೆಲಿ ನಿಂತಿದೆ, ಟೀಚರ್ ಎಷ್ಟೇ ಚೆನ್ನಾಗಿ ಪಾಠ ಮಾಡಿದ್ರೂ ತಲೆ ಮೇಲಿಂದ ಹಾರಿಹೋಗತ್ತೆ. ಸಾಫ್ಟ್‌ವೇರ್ ಮೊದಲು ಮಗು ಎಲ್ಲಿ ನಿಂತಿದೆ ಅಂತ ಹುಡುಕಿ ಅಲ್ಲಿಂದ ಶುರು ಮಾಡತ್ತೆ, ತಪ್ಪು ಮಾಡಿದ್ರೆ ಆ ತಪ್ಪು ಯಾವ ಜಾತಿಯದ್ದು ನೋಡಿ ಅದಕ್ಕೆ ತಕ್ಕ ಹಾಗೆ ತಿದ್ದತ್ತೆ, ನಮ್ಮ 25 ಥರದ್ದಕ್ಕೆ ಒಂದು, ಬೇರೆ ತಪ್ಪಿಗೆ ಇನ್ನೊಂದು. ನಲವತ್ತು ಮಕ್ಕಳ ಕ್ಲಾಸಲ್ಲಿ ನಲವತ್ತು ಜಾಗದಿಂದ ಪಾಠ ಶುರು ಮಾಡೋಕೆ ಯಾವ ಟೀಚರ್ ಕೈಲೂ ಆಗಲ್ಲ, ನನ್ನ ಕೈಲಂತೂ ಆಗಿಲ್ಲ. ಟೆಕ್ನಾಲಜಿಯ ನಿಜವಾದ ತಾಕತ್ತು ಇರೋದು ಇಲ್ಲಿ. ಕುಣಿಯೋ ಕರಡಿ, ಹಾಡೋ ಅಂಕಿ, ತ್ರೀಡಿ ಬಣ್ಣ ಇವೆಲ್ಲಾ ಮೇಲಿನ ಅಲಂಕಾರ ಅಷ್ಟೇ.

ಆದ್ರೆ ಆ ಸೆಂಟರ್‌ನಲ್ಲಿ ದಿನಕ್ಕೆ 90 ನಿಮಿಷ ಇದ್ದಿದ್ದು, ಅದ್ರಲ್ಲಿ 45 ನಿಮಿಷ ಮಾತ್ರ ಕಂಪ್ಯೂಟರ್. ಮಿಕ್ಕ 45 ನಿಮಿಷ ಚಿಕ್ಕ ಗುಂಪಲ್ಲಿ ಒಬ್ಬ ಮನುಷ್ಯ ಪಾಠ ಹೇಳಿಕೊಡ್ತಿದ್ದ. ಆ್ಯಪ್ ಮಾರೋರು ಮೊದಲನೇ 45 ನಿಮಿಷದ ಕಥೆ ಹೇಳ್ತಾರೆ, ಎರಡನೇದನ್ನ ನುಂಗಿಬಿಡ್ತಾರೆ.

ಲೀ ಲಿಂಡೆನ್ ಅನ್ನೋ ಅರ್ಥಶಾಸ್ತ್ರಜ್ಞ ಗುಜರಾತಿನಲ್ಲಿ ಮಾಡಿದ ಕೆಲಸ ಇದಕ್ಕೆ ಸರಿಯಾದ ಜೋಡಿ, 2008ರದ್ದು. ಒಂದೇ ಗಣಿತದ ಸಾಫ್ಟ್‌ವೇರು, ಎರಡು ಥರ ಬಳಸಿದ್ರು. ಸ್ಕೂಲ್ ಟೈಮಲ್ಲೇ ಟೀಚರ್ ಪಾಠ ಮಾಡ್ತಿದ್ದ ಹೊತ್ತನ್ನ ಕಿತ್ಕೊಂಡು ಕಂಪ್ಯೂಟರ್‌ಗೆ ಕೊಟ್ಟ ಕಡೆ ಮಕ್ಕಳು ಮೊದಲಿಗಿಂತ ಕಮ್ಮಿ ಕಲ್ತರು. ಸ್ಕೂಲ್ ಟೈಮ್ ಬಿಟ್ಟು ಮೇಲೊಂದಿಷ್ಟು ಹೊತ್ತು ಕೊಟ್ಟ ಕಡೆ ಲಾಭ ಆಯ್ತು, ಅದರಲ್ಲೂ ಓದಿನಲ್ಲಿ ಹಿಂದುಳಿದಿದ್ದ ಮಕ್ಕಳಿಗೆ. ಸಾಫ್ಟ್‌ವೇರ್ ಅದೇ ಮೇಡಂ, ಒಂದಕ್ಷರ ಬದಲಾಗಿಲ್ಲ. ಹಾಗಾಗಿ ಯಾರಾದ್ರೂ "ಈ ಆ್ಯಪ್ ಒಳ್ಳೇದಾ" ಅಂತ ಕೇಳಿದ್ರೆ ನಾನು ತಿರುಗಿ ಕೇಳೋ ಮೊದಲ ಪ್ರಶ್ನೆ, ಅದು ಯಾವುದರ ಜಾಗ ಕಿತ್ಕೊಳ್ತಿದೆ ಅಂತ. ನೀವು ಪಕ್ಕ ಕೂತು ಲೆಕ್ಕ ಮಾಡಿಸ್ತಿದ್ದ ಹೊತ್ತಾ, ಅವಳು ಕಥೆ ಪುಸ್ತಕ ಹಿಡೀತಿದ್ದ ಹೊತ್ತಾ, ಆಡೋ ಹೊತ್ತಾ, ಅಥವಾ ಹೇಗಿದ್ರೂ ಟಿವಿ ಮುಂದೆ ಬಿದ್ದಿರ್ತಿದ್ದ ಹೊತ್ತಾ? ಟಿವಿ ಹೊತ್ತು ಆದ್ರೆ ನನ್ನದೇನೂ ತಕರಾರಿಲ್ಲ.

ಬರೀ ಮಷಿನ್ ಕೊಟ್ಟು ಕೈತೊಳ್ಕೊಂಡ್ರೆ ಏನಾಗತ್ತೆ ಅನ್ನೋದಕ್ಕೆ ಪೆರು ದೇಶ ಇದೆ. ಮಗುವಿಗೊಂದು ಲ್ಯಾಪ್‌ಟಾಪ್ ಅನ್ನೋ ಅಭಿಯಾನದಲ್ಲಿ ಹಳ್ಳಿ ಸ್ಕೂಲ್‌ಗಳಿಗೆ ಲ್ಯಾಪ್‌ಟಾಪ್ ಹಂಚಿದ್ರು, 319 ಸ್ಕೂಲ್‌ಗಳಲ್ಲಿ 15 ತಿಂಗಳಾದ್ಮೇಲೆ ಅಳತೆ ಮಾಡಿದ್ರೆ ಗಣಿತದಲ್ಲೂ ಇಲ್ಲ, ಭಾಷೆಯಲ್ಲೂ ಇಲ್ಲ, ಎರಡರಲ್ಲೂ ಏನೂ ವ್ಯತ್ಯಾಸ ಕಾಣ್ಲಿಲ್ಲ. ಅದೇ ಬೋಟ್ಸ್‌ವಾನಾದಲ್ಲಿ 2020ರ ಲಾಕ್‌ಡೌನ್ ಟೈಮಲ್ಲಿ ಮಾಡಿದ್ದು ನೋಡಿ, ಸ್ಮಾರ್ಟ್‌ಫೋನೂ ಬೇಡ ಇಂಟರ್ನೆಟ್ಟೂ ಬೇಡ, ಮಾಮೂಲಿ ಫೋನ್. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳ ಎಸ್ಸೆಮ್ಮೆಸ್ ಮಾತ್ರ ಕಳಿಸಿದ್ರು, ಇನ್ನು ಕೆಲವು ಮನೆಗಳಿಗೆ ಎಸ್ಸೆಮ್ಮೆಸ್ ಜೊತೆ ಟೀಚರ್ ಫೋನ್ ಮಾಡಿ 15-20 ನಿಮಿಷ ಅಪ್ಪ ಅಮ್ಮ ಮತ್ತು ಮಗು ಹತ್ರ ಮಾತಾಡಿ ಲೆಕ್ಕ ಮಾಡಿಸ್ತಿದ್ರು. ಬರೀ ಎಸ್ಸೆಮ್ಮೆಸ್ ಹೋದ ಕಡೆ ಹೇಳಿಕೊಳ್ಳೋ ಅಂಥ ಬದಲಾವಣೆ ಇಲ್ಲ, ಫೋನ್ ಬಂದ ಮನೆಗಳಲ್ಲಿ ಮಕ್ಕಳು ಕಲ್ತರು. ದುಬಾರಿ ಮಷಿನ್ ಸೋತು ಡಬ್ಬಾ ಫೋನ್ ಗೆದ್ದಿದ್ದು ಯಾಕೆ ಅಂತ ಬಿಡಿಸಿ ಹೇಳ್ಬೇಕಿಲ್ಲ ಅನ್ಸತ್ತೆ.

ಇದೇನೂ ಹೊಸ ಆಸೆ ಅಲ್ಲ ಬಿಡಿ. 1913ರಲ್ಲೇ ಥಾಮಸ್ ಎಡಿಸನ್ ಸಿನಿಮಾ ಬಂತಲ್ಲ, ಇನ್ನು ಸ್ಕೂಲಲ್ಲಿ ಪುಸ್ತಕದ ಕಾಲ ಮುಗೀತು, ಹತ್ತು ವರ್ಷದಲ್ಲಿ ಎಲ್ಲಾ ಬದಲಾಗತ್ತೆ ಅಂತ ಹೇಳಿದ್ದ. ಆಮೇಲೆ ರೇಡಿಯೋ ಬಂದಾಗ, ಟಿವಿ ಬಂದಾಗ, ಕಂಪ್ಯೂಟರ್ ಬಂದಾಗ ಅದೇ ರಾಗ.

ಈಗ ವಿಡಿಯೋ ವಿಷಯಕ್ಕೆ ಬರ್ತೀನಿ, ಅದೇ ಆ್ಯಪ್‌ನಲ್ಲಿ ಪಾಠದ ವಿಡಿಯೋಗಳೂ ಇರ್ತವಲ್ಲ. ಚೆನ್ನಾಗಿ ಮಾಡಿದ ವಿಡಿಯೋ ನಿಜವಾಗ್ಲೂ ವರ, ರಕ್ತ ದೇಹದಲ್ಲಿ ಹೇಗೆ ಸುತ್ತತ್ತೆ, ಜ್ವಾಲಾಮುಖಿ ಹೇಗೆ ಸಿಡಿಯತ್ತೆ ಅಂತ ನಾನು ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರ್ಸೋದಕ್ಕೂ ಅದು ಕಣ್ಮುಂದೆ ನಡೆಯೋದಕ್ಕೂ ಅಜಗಜಾಂತರ, ಅರ್ಥ ಆಗದಿದ್ರೆ ಹಿಂದಕ್ಕೆ ಹಾಕಿ ಹತ್ತು ಸಲ ನೋಡ್ಬಹುದು, ಟೀಚರ್ ಥರ ಸಿಡುಕಲ್ಲ. ತೊಂದರೆ ಇರೋದು ಬೇರೆ ಕಡೆ. ವಿಡಿಯೋ ನೋಡ್ತಾ ಇದ್ರೆ ಎಲ್ಲಾ ಗೊತ್ತಾಗ್ತಿದೆ ಅನ್ಸತ್ತೆ, ಆ ಅನ್ಸಿಕೆನೇ ಮೋಸ. ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಕಾಲೇಜ್ ಹುಡುಗರಿಗೆ ಒಂದು ಪಾಠ ಕೊಟ್ಟು ಕೆಲವರಿಗೆ ಮತ್ತೆ ಮತ್ತೆ ಓದಿ ಅಂದ್ರು, ಕೆಲವರಿಗೆ ಪುಸ್ತಕ ಮುಚ್ಚಿಟ್ಟು ನೆನಪಾದಷ್ಟು ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದೋರೇ ಮುಂದೆ. ಒಂದು ವಾರ ಬಿಟ್ಟು ಕೇಳಿದ್ರೆ ಮುಚ್ಚಿಟ್ಟು ಬರೆದೋರು ಮುಂದೆ. ವಿಡಿಯೋದಲ್ಲಿ ಮುಚ್ಚಿಡೋದು ಅನ್ನೋದೇ ಇಲ್ಲ, ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ತಾನಾಗೇ ಶುರು. ಹಾಗಾಗಿ ಒಂದು ವಿಡಿಯೋ ಆದ್ಮೇಲೆ ಟ್ಯಾಬ್ ಮಗುಚಿಹಾಕಿ "ಏನು ನೋಡ್ದೆ ಹೇಳು" ಅಂತ ಕೇಳಿ, ಪರೀಕ್ಷೆ ಥರ ಅಲ್ಲ, ನಿಮಗೆ ಗೊತ್ತಿಲ್ದೇ ಕೇಳ್ತಿರೋ ಥರ ಕೇಳಿ. ತಡವರಿಸಿ ಹೇಳಿದ್ರೂ ಪರವಾಗಿಲ್ಲ, ತಡವರಿಸೋ ಆ ಹೊತ್ತಲ್ಲೇ ವಿಷಯ ತಲೇಲಿ ಕೂರತ್ತೆ.

ಚಿಕ್ಕೋನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಪೆಟ್ರೀಷಿಯಾ ಕೂಲ್ ಅನ್ನೋ ವಿಜ್ಞಾನಿಯ ತಂಡ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಅಮೆರಿಕದ ಒಂಬತ್ತು ತಿಂಗಳ ಕೂಸುಗಳು, ಮನೇಲಿ ಇಂಗ್ಲಿಷ್ ಬಿಟ್ಟು ಬೇರೆ ಕೇಳಿಲ್ಲ. ಒಂದಷ್ಟು ಕೂಸುಗಳ ಜೊತೆ ಚೀನೀ ಮ್ಯಾಂಡರಿನ್ ಮಾತಾಡೋರು ನೆಲದ ಮೇಲೆ ಕೂತು 12 ಸಲ ಆಟ ಆಡ್ಸಿದ್ರು, ಪುಸ್ತಕ ಓದಿದ್ರು. ಇನ್ನೊಂದಷ್ಟು ಕೂಸುಗಳಿಗೆ ಅದೇ ಜನ ಅದೇ ಮಾತು ಆಡೋದನ್ನ ಟಿವಿಲಿ ತೋರ್ಸಿದ್ರು. ಎದುರಿಗೆ ಮನುಷ್ಯರು ಇದ್ದ ಕೂಸುಗಳು ಮ್ಯಾಂಡರಿನ್‌ನ ವ್ಯಂಜನಗಳ ಸೂಕ್ಷ್ಮ ವ್ಯತ್ಯಾಸ ಹಿಡಿದ್ವು, ಟಿವಿ ನೋಡಿದ ಕೂಸುಗಳು ಏನೂ ಹಿಡೀಲಿಲ್ಲ. ಕಣ್ಣು ಅರಳಿಸಿಕೊಂಡು ನೋಡಿದ್ವು, ಅಷ್ಟೇ. ಹಾಗಂತ ಸ್ಕ್ರೀನ್ ಅನ್ನೋದೇ ವಿಷ ಅಂತಲೂ ಅಲ್ಲ, 2014ರ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕಾಲ್‌ನಲ್ಲಿ ಹೊಸ ಪದ ಕಲ್ತಿದಾರೆ, ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲ್ತಿಲ್ಲ. ವಿಡಿಯೋ ಕಾಲ್‌ನಲ್ಲಿ ಆ ಕಡೆ ಇರೋರು ಮಗು ಏನು ಮಾಡ್ತೋ ಅದಕ್ಕೆ ತಿರುಗಿ ಏನಾದ್ರೂ ಮಾಡ್ತಾರೆ, ನಗ್ತಾರೆ, ಕಾಯ್ತಾರೆ. ವಿಡಿಯೋ ಯಾರಿಗೂ ಕಾಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಲೆಕ್ಕದಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನೇ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಮ್ಮಿ ಆದಷ್ಟೂ ಒಳ್ಳೇದು. ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಮಾಡ್ಲಿ, ಧಾರಾಳವಾಗಿ. ಅಕ್ಷರದ ವಿಡಿಯೋ ಅವನಿಗೆ ಈಗ ಬೇಡ, ಎರಡು ವರ್ಷದ ಮಗುವಿಗೆ ಅಕ್ಷರಕ್ಕೆ ಅರ್ಜೆಂಟ್ ಏನಿದೆ?

ಅಕ್ಷರ ಅಂದ್ಮೇಲೆ ನೆನಪಾಯ್ತು, ಬರವಣಿಗೆ ಮಾತ್ರ ಕೈಯಲ್ಲೇ ಆಗ್ಲಿ. ಫ್ರಾನ್ಸ್‌ನಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಕೆಲವರಿಗೆ ಕೈಯಲ್ಲಿ ಬರೆಸಿ, ಕೆಲವರಿಗೆ ಕೀಬೋರ್ಡ್ ಒತ್ತಿಸಿ ಅಕ್ಷರ ಕಲಿಸಿ ನೋಡಿದ್ರು, 2005ರ ಸುದ್ದಿ. ಅವರಲ್ಲಿ ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕೈಯಲ್ಲಿ ಬರೆದೋರೇ ಅಕ್ಷರಗಳನ್ನ ಚೆನ್ನಾಗಿ ಗುರುತಿಸಿದ್ರು. ನಮ್ಮ ಕನ್ನಡಕ್ಕೆ ಇದು ಇನ್ನೂ ಜಾಸ್ತಿ ಅನ್ವಯ ಆಗತ್ತೆ ಅಂತ ನನ್ನ ಅಭಿಪ್ರಾಯ, ಇದು ರಿಸರ್ಚ್ ಅಲ್ಲ ಅಭಿಪ್ರಾಯ ಮಾತ್ರ. ಪ ಫ ಷ ಮೂರರ ವ್ಯತ್ಯಾಸ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗೋದು, ಹೊಟ್ಟೆ ಎಲ್ಲಿ ಸೀಳಬೇಕು, ಬಾಲ ಎಲ್ಲಿ ಎಳೀಬೇಕು ಅಂತ ಕೈ ತಿದ್ದಿ ತಿದ್ದಿ ಬರಬೇಕು. ಉದ್ದದ ಪಾಠ ಓದೋದೂ ಅಷ್ಟೇ, 2018ರಲ್ಲಿ 54 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದೋರಿಗೆ ಕಂಡದ್ದು, ಮಾಹಿತಿ ಇರೋ ಬರಹವನ್ನ ಸ್ಕ್ರೀನ್‌ಗಿಂತ ಕಾಗದದ ಮೇಲೆ ಓದಿದಾಗ ಜನ ಸ್ವಲ್ಪ ಚೆನ್ನಾಗಿ ಅರ್ಥ ಮಾಡ್ಕೊಳ್ತಾರೆ, ಅದರಲ್ಲೂ ಟೈಮ್ ಕಟ್ಟುನಿಟ್ಟಾಗಿದ್ದಾಗ. ಕಥೆ ಓದೋವಾಗ ಆ ವ್ಯತ್ಯಾಸ ಕಾಣಲ್ಲ. ಹಾಗಾಗಿ ಕಥೆ ಟ್ಯಾಬಲ್ಲಿ ಓದ್ತಾಳೆ ಅಂದ್ರೆ ಓದ್ಲಿ ಬಿಡಿ.

ನೀವು ಕೇಳಿಲ್ಲ, ಆದ್ರೆ ಇನ್ನೆರಡು ವರ್ಷದಲ್ಲಿ ಕೇಳ್ತೀರಿ, ಚಾಟ್‌ಜಿಪಿಟಿ ಥರದ್ದು. ಟರ್ಕಿಯ ಹೈಸ್ಕೂಲ್‌ನಲ್ಲಿ ಹತ್ತಿರ ಹತ್ತಿರ ಸಾವಿರ ಮಕ್ಕಳ ಮೇಲೆ ಗಣಿತದ ಒಂದು ಪ್ರಯೋಗ ಆಗಿದೆ. ಮಾಮೂಲಿ ಚಾಟ್‌ಬಾಟ್ ಸಿಕ್ಕಿದ ಮಕ್ಕಳು ಪ್ರ್ಯಾಕ್ಟೀಸ್ ಲೆಕ್ಕಗಳಲ್ಲಿ ಬೇರೆಯವರಿಗಿಂತ 48 ಪರ್ಸೆಂಟ್ ಮುಂದೆ. ಆಮೇಲೆ ಬಾಟ್ ತೆಗೆದು ಪರೀಕ್ಷೆ ಕೊಟ್ರೆ, ಬಾಟ್ ಕಂಡೇ ಇಲ್ಲದ ಮಕ್ಕಳಿಗಿಂತ 17 ಪರ್ಸೆಂಟ್ ಹಿಂದೆ. ಉತ್ತರ ಕೊಡದೆ ಬರೀ ಸುಳಿವು ಕೊಡೋ ಹಾಗೆ ಕಟ್ಟಿದ ಇನ್ನೊಂದು ಬಾಟ್ ಇಟ್ಟ ಕಡೆ ಆ ನಷ್ಟ ಹೆಚ್ಚು ಕಮ್ಮಿ ಕಾಣ್ಲಿಲ್ಲ. ನಿಮ್ಮ ಮಗಳ ನಾಲ್ಕು ಆಪ್ಷನ್ನಿನ ಕಥೆನೇ ಇದು, ದೊಡ್ಡ ಕ್ಲಾಸಿನದು.

ಮೊಬೈಲ್ ಬಂದ್ರೆ ಗಮನ ಚದುರೋದು, ನಿದ್ದೆ ಕೆಡೋದು ನಿಮಗೇ ಗೊತ್ತಿದೆ, ಉದ್ದ ಎಳೆಯಲ್ಲ. ಕಣ್ಣಿನ ಬಗ್ಗೆ ಒಂದೇ ಮಾತು, ಚೀನಾದ ಗುವಾಂಗ್ಝೌನಲ್ಲಿ ಒಂದನೇ ಕ್ಲಾಸ್ ಮಕ್ಕಳಿಗೆ ಸ್ಕೂಲಲ್ಲಿ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಆಡೋಕೆ ಬಿಟ್ಟು ಮೂರು ವರ್ಷ ನೋಡಿದ್ರು, ಹೊರಗೆ ಬಿಡದ ಕಡೆ 39.5 ಪರ್ಸೆಂಟ್ ಮಕ್ಕಳಿಗೆ ಹೊಸದಾಗಿ ದೂರದ್ದು ಕಾಣದ ದೋಷ ಬಂದ್ರೆ, ಬಿಟ್ಟ ಕಡೆ 30.4. ಸ್ಕ್ರೀನಿನ ನೀಲಿ ಬೆಳಕು ತಡೆಯೋ ಕನ್ನಡಕ ಹುಡುಕೋ ಬದಲು ಹೊರಗೆ ಓಡ್ಸಿ.

ಒಂದು ಜಾಗದಲ್ಲಿ ಮಾತ್ರ ನನಗೆ ಟೆಕ್ನಾಲಜಿ ಬಗ್ಗೆ "ಆದ್ರೆ" ಅನ್ನೋ ಪದನೇ ಬಾಯಿಗೆ ಬರಲ್ಲ, ಅದು ಕಣ್ಣು ಕಾಣದ, ಕಿವಿ ಕೇಳದ, ಓದೋಕೆ ಅಕ್ಷರ ಕುಣಿಯೋ ಮಕ್ಕಳ ವಿಷಯ. ನನ್ನ ಕ್ಲಾಸಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ಲು, ವರ್ಷಾನುಗಟ್ಟಲೆ ಪಕ್ಕದೋರು ಓದಿ ಹೇಳೋವರೆಗೂ ಕಾಯ್ತಿದ್ಲು, ಪಕ್ಕದೋರಿಗೆ ಬೇಜಾರಾದ ದಿನ ಇವಳ ಪಾಠವೂ ಬಂದ್. ಸ್ಕ್ರೀನ್ ಮೇಲಿರೋ ಅಕ್ಷರಗಳನ್ನ ಗಟ್ಟಿಯಾಗಿ ಓದಿ ಹೇಳೋ ಸ್ಕ್ರೀನ್ ರೀಡರ್ ಅನ್ನೋ ಸಾಫ್ಟ್‌ವೇರ್ ಬಂದ್ಮೇಲೆ ಅವಳು ಇಯರ್‌ಫೋನ್ ಹಾಕ್ಕೊಂಡು ನನಗೆ ಒಂದು ಪದವೂ ಹಿಡಿಯೋಕಾಗದಷ್ಟು ಸ್ಪೀಡಲ್ಲಿ ಪಾಠ ಓಡಿಸಿಕೊಂಡು ಕೇಳ್ತಿದ್ಲು. "ಸರ್, ನಿಮಗೆ ನಿಧಾನಕ್ಕೆ ಹಾಕ್ಲಾ" ಅಂತ ಒಂದಿನ ನನ್ನನ್ನೇ ಕೇಳಿದ್ಲು. ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರನ್ನ 2006ರಲ್ಲಿ ಶುರು ಮಾಡಿದ ಮೈಕೆಲ್ ಕರನ್, ಅವನ ಜೊತೆಗೂಡಿದ ಜೇಮ್ಸ್ ಟೇ, ಇಬ್ಬರೂ ಕಣ್ಣು ಕಾಣದೋರೇ, ಆಸ್ಟ್ರೇಲಿಯಾದೋರು. ತಮಗೆ ಏನು ಬೇಕು ಅಂತ ಗೊತ್ತಿದ್ದೋರೇ ಕೂತು ಮಾಡಿದ್ದು, ಅದಕ್ಕೇ ಅದು ಕೆಲಸಕ್ಕೆ ಬರತ್ತೆ.

ಸರಿ, ನಿಮ್ಮ ಮನೆ ವಿಷಯ. ದೊಡ್ಡ ಪ್ಯಾಕೇಜ್ ಬೇಡ, ಯಜಮಾನರಿಗೆ ನಾನು ಹೇಳ್ದೆ ಅಂತ ಹೇಳಿ. ಇರೋ ಆ್ಯಪೇ ಇರ್ಲಿ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದ್ರೆ ಪಕ್ಕದಲ್ಲಿ ಪೆನ್ಸಿಲ್ಲು ರಫ್ ಬುಕ್ಕು ಕಡ್ಡಾಯ. ಲೆಕ್ಕ ಬಂದ ತಕ್ಷಣ ಕೆಳಗಿನ ಆಪ್ಷನ್‌ಗಳ ಮೇಲೆ ಒಂದು ರಟ್ಟಿನ ಚೂರು ಅಡ್ಡ ಹಿಡೀಲಿ, ಪೇಪರ್ ಮೇಲೆ ಉತ್ತರ ತೆಗೆದ್ಮೇಲೆ ರಟ್ಟು ತೆಗೆದು ಅದಿದ್ಯಾ ಅಂತ ಹುಡುಕ್ಲಿ. ಮೊದಲ ವಾರ 90 ಇದ್ದದ್ದು 60ಕ್ಕೆ ಬೀಳತ್ತೆ, ಗಾಬರಿ ಬೇಡ, ಅವಳಿಗೂ ಮೊದಲೇ ಹೇಳಿಡಿ, ಇಲ್ದಿದ್ರೆ ಸ್ಟಾರ್ ಹೋಯ್ತು ಅಂತ ಅಳ್ತಾಳೆ. ಟೈಮರ್, ಶಬ್ದ ಆಫ್ ಮಾಡೋಕಾದ್ರೆ ಮಾಡಿ. ಯಾವತ್ತಾದ್ರೂ ಬೇರೆ ಆ್ಯಪ್ ನೋಡೋದೇ ಆದ್ರೆ ಉತ್ತರ ಟೈಪ್ ಮಾಡಿಸತ್ತಾ, ತಪ್ಪಾದಾಗ ಬರೀ ಕೆಂಪು ಗುರುತು ಹಾಕತ್ತಾ ಅಥವಾ ಯಾಕೆ ತಪ್ಪು ಅಂತ ತೋರ್ಸತ್ತಾ, ಅದನ್ನ ನೀವೇ ಬೇಕಂತ 25 ಒತ್ತಿ ಪರೀಕ್ಷೆ ಮಾಡಿ.

ಮತ್ತೆ ಆ ಕಳೆಯೋ ಲೆಕ್ಕಕ್ಕೆ ಟ್ಯಾಬೇ ಬೇಡ. ಕಡ್ಡಿಗಳನ್ನ ತಗೊಳ್ಳಿ, ಹತ್ತತ್ತರ ಐದು ಕಟ್ಟು ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿ, ಬಿಡಿಯಾಗಿ ಎರಡು ಇಡಿ, 52 ಆಯ್ತು. ಇದರಲ್ಲಿ 37 ನಂಗೆ ಕೊಡು ಅನ್ನಿ. ಮೂರು ಕಟ್ಟು ಬೇಗ ಕೊಡ್ತಾಳೆ, ಬಿಡಿ ಏಳು ಕೊಡೋಕೆ ಹೋದಾಗ ಕೈ ನಿಲ್ಲತ್ತೆ, ಎರಡೇ ಇದೆಯಲ್ಲ. ಅಲ್ಲಿ ನೀವು ಬಾಯಿ ಬಿಡಬಾರದು, ಒಂದು ನಿಮಿಷ ಆದ್ರೂ ಸರಿ, ಎರಡು ನಿಮಿಷ ಆದ್ರೂ ಸರಿ. ಉಳಿದ ಕಟ್ಟಿನ ರಬ್ಬರ್‌ಬ್ಯಾಂಡ್ ಅವಳೇ ಬಿಚ್ಚಬೇಕು. ಬಿಚ್ಚಿದ ಮೇಲೆ ಅದನ್ನೇ ಪೇಪರ್ ಮೇಲೆ ಹೇಗೆ ಬರೆಯೋದು ಅಂತ ಪಕ್ಕದಲ್ಲೇ ಬರೆಸಿ. ನಾಲ್ಕೈದು ದಿನ ಹೀಗೆ ಮಾಡಿ, ಆಮೇಲೂ ಟೆಸ್ಟಲ್ಲಿ ಅದೇ ತಪ್ಪು ಬಂದ್ರೆ ಅವಳು ಲೆಕ್ಕ ಮಾಡಿದ ಹಾಳೆ ಫೋಟೋ ತೆಗೆದು ನನಗೆ ಕಳಿಸಿ, ರಬ್ಬರ್ ಹಾಕಿ ಒರೆಸೋಕೆ ಬಿಡಬೇಡಿ, ತಪ್ಪಿದ್ರೆ ಒಂದು ಗೆರೆ ಎಳೀಲಿ ಸಾಕು, ನನಗೆ ಬೇಕಾಗಿರೋದು ಆ ತಪ್ಪೇ.